ಮಗಳ ವಾಚು, ಅತ್ತೆಯ ಕೈ

ಮಗಳಿಗೆ ಐದು ತುಂಬಿದ ದಿನ ಬಂದ ಆಟಿಕೆಗಳಲ್ಲಿ ಅರ್ಧದಷ್ಟು ಸಂಜೆಯೊಳಗೇ ಹಾಳಾಗಿದ್ದವು. ಮಾತಾಡುವ ಗೊಂಬೆಯ ಬಾಯಿ ಕಟ್ಟಿತ್ತು. ರಿಮೋಟ್ ಕಾರಿನ ಒಂದು ಚಕ್ರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಮ್ಮ ಯಜಮಾನರು ನೆಲದ ಮೇಲೆ ಕೂತು ಅವನ್ನೆಲ್ಲ ರಟ್ಟಿನ ಡಬ್ಬಿಗೆ ತುಂಬುತ್ತಾ, "ಈ ಹುಡುಗಿಗೆ ಉಳಿಯೋ ಅಂಥದ್ದು ಏನಾದ್ರೂ ತಗಂಡು ಇಡಬೇಕು ನೋಡು," ಅಂದರು.

"ಉಳಿಯೋ ಅಂಥದ್ದು ಅಂದ್ರೆ?"

"ಒಂದು ವಾಚು. ಒಳ್ಳೇ ವಾಚು. ಈಗ ತಗಳಾನ, ಅವಳು ದೊಡ್ಡೋಳಾದ ಮೇಲೆ ಕೊಡಾನ."

ನಾನು ನಕ್ಕುಬಿಟ್ಟೆ. ಅವರಿಗೆ ವಾಚಿನ ಹುಚ್ಚು ಹಿಡಿದು ಆಗಲೇ ವರ್ಷ ದಾಟಿತ್ತು. ಚನ್ನಗಿರಿಯಲ್ಲಿ ಅವರದು ಅಡಿಕೆ ಮಂಡಿ. ವ್ಯಾಪಾರ ಇಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ವಾಚು ಬಿಚ್ಚಿ ಜೋಡಿಸುವ ವಿಡಿಯೋ ನೋಡುತ್ತಾ ಕೂರುತ್ತಿದ್ದರು. ಹೊನ್ನಾಳಿಯ ಮನೆಗೆ ಬಂದು ಊಟಕ್ಕೆ ಕೂತರೆ ಅದೇ ಮಾತು: ಯಾವುದರಲ್ಲಿ ಸೆಲ್ ಇಲ್ಲ, ಯಾವುದು ಕೈಯಾಡಿಸಿದರೆ ತಾನೇ ಚಾವಿ ತಿರುಗಿಸಿಕೊಳ್ಳುತ್ತದೆ, ಯಾವುದು ನೂರು ವರ್ಷ ಬಾಳುತ್ತದೆ. ಇಷ್ಟೆಲ್ಲ ತಿಳಿದೂ ಅವರ ಕೈಯಲ್ಲಿದ್ದದ್ದು ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ಸಾದಾ ವಾಚು.

"ನಿಮಗೆ ಬೇಕಾಗೈತೆ, ಮಗಳ ಹೆಸರು ಹೇಳ್ತೀರಿ," ಎಂದೆ.

ಅವರು ನಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, "ಅವಳಿಗೆ ಇಪ್ಪತ್ತೈದು ಆದಾಗ ನನಗೆ ಎಷ್ಟಾಗಿರುತ್ತೆ, ಲೆಕ್ಕ ಹಾಕಿದೀಯಾ?" ಅಂದರು.

ನಾನೂ ಹಾಕಿದ್ದೆ. ಮಗಳು ಹುಟ್ಟಿದ್ದು ನಮಗೆ ತಡವಾಗಿ. ಇನ್ನು ಮಕ್ಕಳಾಗುವುದಿಲ್ಲ ಎಂದು ಎಲ್ಲರೂ ಸುಮ್ಮನಾದ ಮೇಲೆ ಬಂದವಳು ಅವಳು. ಶಾಲೆಗೆ ಬಿಡಲು ಹೋದಾಗ ಹೊಸದಾಗಿ ಬಂದ ಆಯಾ ಇವರನ್ನು "ಅಜ್ಜಾರು" ಅಂದುಬಿಟ್ಟಿದ್ದಳು. ಮನೆಗೆ ಬಂದು ಅದನ್ನು ತಮಾಷೆಯಾಗಿಯೇ ಹೇಳಿದ್ದರು. ಆದರೆ ಮಾತು ಒಳಗೆ ಇಳಿದಿತ್ತೆಂದು ಆ ಸಂಜೆ ನನಗೆ ಗೊತ್ತಾಯಿತು. ಮುಂದೆ ನಾನು ಹಾಸ್ಯ ಮಾಡಲಿಲ್ಲ.

ಜಗಳೂರಿನಲ್ಲಿರುವ ನನ್ನ ತಾಯಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದೆ. ಅಮ್ಮನಿಗೆ ಸಿಟ್ಟೇ ಬಂತು.

"ಹೆಣ್ಣುಮಗೀಗೆ ಬಂಗಾರ ಮಾಡಿಸ್ರಿ ಅಂದ್ರೆ ಗಡಿಯಾರ ತರ್ತೀರಾ? ಅಳಿಯಂದಿರಿಗೆ ಹೇಳಾಕೆ ನಿನಗೆ ಬಾಯಿಲ್ವಾ? ಒಂದು ಜೊತೆ ಬಳೆ ಮಾಡಿಸಿ ಇಟ್ರೆ ನಾಳೆ ಮದ್ವೆಗಾದ್ರೂ ಆಗುತ್ತೆ. ಟೈಮು ನೋಡಾಕೆ ಮೊಬೈಲ್ ಐತಲ್ಲ!"

ಅಮ್ಮನ ದನಿ ಫೋನಿನಿಂದ ಹೊರಗೂ ಕೇಳುವಂಥದ್ದು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆಗೆ ಎಲ್ಲವೂ ಕೇಳಿತ್ತು. ನಾನು ಫೋನಿಟ್ಟ ಮೇಲೆ ಅವರು ತಲೆಯೆತ್ತದೆಯೇ ಹೇಳಿದರು:

"ನಿಮ್ಮ ತಾಯಿ ಹೇಳೋದು ಸುಳ್ಳಲ್ಲ ಕಣವ್ವ. ಆದ್ರೆ ಬಂಗಾರ ಅಂದ್ರೆ ಎಲ್ಲಾರ ಕಣ್ಣೂ ಅದರ ಮೇಲೇ ಇರುತ್ತೆ. ನನಗೆ ನಮ್ಮಪ್ಪ ನಾಕು ಬಳೆ ಹಾಕಿ ಕಳಿಸಿದ್ದ. ಎರಡು ನಾದಿನಿ ಮದ್ವೆಗೆ ಹೋದ್ವು, ಎರಡು ಬೋರ್ ತೆಗೆಸಾಕೆ ಹೋದ್ವು. ಯಾರೂ ಕಸಗಳ್ಳಲಿಲ್ಲ, ನಾನೇ ಬಿಚ್ಚಿ ಕೊಟ್ಟೆ. ಬಂಗಾರ ಇರೋದೇ ಅದಕ್ಕಲ್ವಾ? ವಾಚಾದ್ರೆ ಯಾರು ಕೇಳ್ತಾರೆ? ಅದು ಅವಳದೇ ಆಗಿರುತ್ತೆ. ಕೊಡ್ಸ್ರಿ."

ಮದುವೆಯಾಗಿ ಇಷ್ಟು ವರ್ಷವಾದರೂ ಆ ಬಳೆಗಳ ವಿಷಯ ನಾನು ಕೇಳಿರಲಿಲ್ಲ. ಅವರ ಕೈ ನೋಡಿದೆ. ಮಾವ ತೀರಿಕೊಂಡ ಮೇಲೆ ಅತ್ತೆ ಕೈಗೆ ಏನನ್ನೂ ಹಾಕಿಕೊಂಡಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ನಾನೇ ಎಷ್ಟೋ ಸಲ ಬಳೆ ತಂದುಕೊಟ್ಟಿದ್ದೆ. "ಇರಲಿ ಬಿಡವ್ವ, ಹಗುರಾಗೈತೆ," ಅನ್ನುತ್ತಿದ್ದರು.

ಒಂದು ಭಾನುವಾರ ಮೂವರೂ ದಾವಣಗೆರೆಗೆ ಹೋದೆವು. ಅತ್ತೆ ಬರಲಿಲ್ಲ. ಅಂಗಡಿಯ ಗಾಜಿನ ಬಾಗಿಲು ತೆಗೆದರೆ ಒಳಗೆ ಚಳಿ, ಸುಗಂಧದ ವಾಸನೆ. ಕಪ್ಪು ಕೈಗವಸು ಹಾಕಿಕೊಂಡ ಸೇಲ್ಸ್‌ಮನ್ ನಮ್ಮನ್ನು ಕೂರಿಸಿ, ನೀರು ಕೊಟ್ಟು, "ಯಾರಿಗೆ ಸಾರ್?" ಎಂದು ಕೇಳಿದ.

"ಮಗಳಿಗೆ."

ಅವನು ಕುರ್ಚಿಯ ಮೇಲೆ ಮಂಡಿಯೂರಿ ಗಾಜಿಗೆ ಮೂಗು ಒತ್ತಿಕೊಂಡಿದ್ದ ಮಗಳನ್ನು ನೋಡಿ ನಕ್ಕ. "ಮಕ್ಕಳ ಸೆಕ್ಷನ್ ಆ ಕಡೆ ಐತಿ ಸಾರ್."

"ಅಲ್ಲಪ್ಪ. ಇವಳು ದೊಡ್ಡೋಳಾದ ಮೇಲೆ ಹಾಕ್ಕಳಾಕೆ."

ಅವನು ಹೆಂಗಸರ ವಾಚುಗಳ ತಟ್ಟೆ ತಂದಿಟ್ಟ. ಒಂದರ ಸುತ್ತ ಸಣ್ಣ ಹರಳು, ಇನ್ನೊಂದರ ಮುಖ ಚಿಪ್ಪಿನ ಒಳಮೈಯಂತೆ ಹೊಳೆಯುವಂಥದ್ದು, ಮತ್ತೊಂದು ಕಡಲೆಬೇಳೆಯಷ್ಟೇ ಪುಟ್ಟದು. ಇವರು ಹರಳಿನದನ್ನು ಎತ್ತಿಕೊಂಡರು. "ಇದು ಚೆಂದ ಐತಲ್ವಾ? ದೊಡ್ಡ ಆಫೀಸಿನಾಗೆ ಕೂತಿರ್ತಾಳೆ, ಫೈಲಿಗೆ ಸಹಿ ಹಾಕ್ತಾಳೆ, ಕೈ ಮಿಂಚುತ್ತೆ..."

ನನಗೆ ಬೇರೆಯೇ ಕಾಣಿಸುತ್ತಿತ್ತು. ನಾನು ನ್ಯಾಮತಿ ತಾಲ್ಲೂಕಿನಲ್ಲಿ ದನದ ಡಾಕ್ಟರು. ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು ಏರಿಸಿ ಹಸುವಿನ ಹೊಟ್ಟೆಯೊಳಗೆ ಕೈಹಾಕುವ ಕೆಲಸ. ಕೈಗೆ ವಾಚು ಕಟ್ಟಿ ಆ ಕೆಲಸ ಮಾಡಲಾಗುವುದಿಲ್ಲ. ಹಾಗಂತ ವಾಚಿಲ್ಲದೆಯೂ ಆಗದು. ಬಾಲದ ಬುಡದಲ್ಲಿ ಬೆರಳಿಟ್ಟು ನಾಡಿ ನೋಡಬೇಕಾದರೆ ಸೆಕೆಂಡಿನ ಮುಳ್ಳು ಬೇಕೇ ಬೇಕು. ಅದಕ್ಕೇ ನಾನು ಒಂದು ಅಗ್ಗದ ವಾಚನ್ನು ಅಂಗಿಯ ಜೇಬಿಗೆ ಪಿನ್ನು ಚುಚ್ಚಿ ತಲೆಕೆಳಗಾಗಿ ನೇತುಹಾಕಿಕೊಂಡಿರುತ್ತೇನೆ. ಆ ಮಳೆಗಾಲದಲ್ಲಿ ಸವಳಂಗದ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದ್ದ ಹಸುವಿನ ಪಕ್ಕ ಕೂತಿದ್ದಾಗ ಕರೆಂಟು ಹೋಗಿ ಮುಳ್ಳೇ ಕಾಣದೆ ಒದ್ದಾಡಿದ್ದು ನೆನಪಿಗೆ ಬಂತು.

"ಹರಳು ಬೇಡ ರೀ. ಕತ್ತಲಲ್ಲಿ ಮುಳ್ಳು ಕಾಣೋ ಅಂಥದ್ದು ನೋಡಿ," ಎಂದೆ. "ನೀರು ಬಿದ್ರೂ ಏನೂ ಆಗಬಾರದು. ಸೆಕೆಂಡಿನ ಮುಳ್ಳು ಇರಬೇಕು."

"ಅವಳೂ ದನದ ಡಾಕ್ಟ್ರೇ ಆಗ್ತಾಳೆ ಅಂತ ಯಾರು ಹೇಳಿದ್ರು ನಿನಗೆ?"

"ಅವಳು ಆಫೀಸರ್ ಆಗ್ತಾಳೆ ಅಂತ ನಿಮಗೆ ಯಾರು ಹೇಳಿದ್ರು?"

ಸೇಲ್ಸ್‌ಮನ್ ಸುಮ್ಮನೆ ತಟ್ಟೆ ಒರೆಸತೊಡಗಿದ. ನಾವಿಬ್ಬರೂ ಅಲ್ಲೇ, ಅವನೆದುರಿಗೇ, ಇಪ್ಪತ್ತು ವರ್ಷದ ಆಚೆ ಇರುವ ಒಬ್ಬ ಹೆಂಗಸಿನ ಬಗ್ಗೆ ಜಗಳಾಡಿದೆವು. ಅವಳು ದಪ್ಪಗಿರುತ್ತಾಳೋ ತೆಳ್ಳಗೋ, ಸೀರೆ ಉಡುತ್ತಾಳೋ ಪ್ಯಾಂಟು ಹಾಕುತ್ತಾಳೋ, ಕೈಯಲ್ಲಿ ಬಳೆ ಇರುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿಲ್ಲ. ಎದುರಿಗಿದ್ದ ಹುಡುಗಿಗೆ ಹಾಲುಹಲ್ಲು ಕೂಡ ಇನ್ನೂ ಬಿದ್ದಿರಲಿಲ್ಲ. ಆ ದೊಡ್ಡ ಹೆಂಗಸು ನಮಗಿಬ್ಬರಿಗೂ ಪರಿಚಯವೇ ಇಲ್ಲದವಳು.

ಕೊನೆಗೆ ಸೇಲ್ಸ್‌ಮನ್ನೇ ಒಳಗಿನಿಂದ ಇನ್ನೊಂದು ತಂದ. ಸ್ಟೀಲಿನದು. ಬಿಳಿ ಮುಖ, ಸಾದಾ ಗೆರೆಗಳು, ಸೆಕೆಂಡಿನ ಮುಳ್ಳು, ಪಕ್ಕದಲ್ಲಿ ತಾರೀಕು ತೋರಿಸುವ ಪುಟ್ಟ ಕಿಟಕಿ. ಗಂಡಸರದ್ದಷ್ಟು ದೊಡ್ಡದಲ್ಲ, ಹೆಂಗಸರದ್ದಷ್ಟು ಚಿಕ್ಕದೂ ಅಲ್ಲ. "ಇದನ್ನ ಯಾರು ಬೇಕಾದ್ರೂ ಹಾಕ್ಕಬಹುದು ಸಾರ್," ಎಂದ. ಅಂಗೈ ಅಡ್ಡ ಹಿಡಿದು ನೆರಳು ಮಾಡಿ ಮುಳ್ಳು ಹಸಿರಾಗಿ ಹೊಳೆಯುವುದನ್ನು ನನಗೆ ತೋರಿಸಿದ. ಆಮೇಲೆ ವಾಚನ್ನು ಬೋರಲು ಹಾಕಿ ಮಗಳ ಕಡೆ ತಳ್ಳಿದ. ಹಿಂಬದಿ ಗಾಜಿನದು. ಒಳಗೆ ಚಕ್ರಗಳು ಸುತ್ತುತ್ತಿದ್ದವು, ಕೂದಲೆಳೆಯಂಥ ಸ್ಪ್ರಿಂಗ್ ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತಿತ್ತು.

ಮಗಳು ಉಸಿರು ಬಿಗಿಹಿಡಿದು ನೋಡಿದಳು. "ಅಮ್ಮಾ, ಇದಕ್ಕೆ ಜೀವ ಐತೆ!"

ಇವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಲ್ಲಿಗೆ ಆಯ್ಕೆ ಮುಗಿಯಿತು.

ಪ್ಯಾಕ್ ಮಾಡುವಾಗ ಸೇಲ್ಸ್‌ಮನ್ ಒಂದು ಮಾತು ಹೇಳಿದ. "ಲಾಕರಿನಾಗೆ ಇಟ್ಟುಬಿಡಬ್ಯಾಡ್ರಿ ಸಾರ್. ಕೈಯಾಗಿದ್ರೆ ಮಾತ್ರ ಓಡುತ್ತೆ, ಬಿಚ್ಚಿಟ್ರೆ ಒಂದೆರಡು ದಿನಕ್ಕೆ ನಿಲ್ಲುತ್ತೆ. ವರ್ಷಗಟ್ಟಲೆ ನಿಂತ್ರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತೆ. ಯಾರಾದ್ರೂ ಹಾಕ್ಕಂತಿರ್ಲಿ."

ಯಾರು ಹಾಕಿಕೊಳ್ಳಬೇಕು? ದಾವಣಗೆರೆಯಿಂದ ಹೊನ್ನಾಳಿ ಬರುವವರೆಗೂ ಅದೇ ಚರ್ಚೆ. ನನ್ನ ಕೆಲಸಕ್ಕೆ ಅದು ಆಗದು. ಇವರಿಗೆ ಮನಸ್ಸಿತ್ತು, ಒಂದು ಸಲ ಕೈಗೆ ಕಟ್ಟಿಕೊಂಡು ಕಾರಿನ ಸ್ಟೇರಿಂಗ್ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ತಾವೇ ಬಿಚ್ಚಿ ಡಬ್ಬಿಗೆ ಹಾಕಿದರು. "ಬ್ಯಾಡ. ನಾನು ಹಾಕ್ಕಂಡ್ರೆ ನಂದೇ ಆಗಿಬಿಡುತ್ತೆ. ಆಮೇಲೆ ಕೊಡಾಕೆ ಮನಸ್ಸು ಬರಲ್ಲ," ಅಂದರು.

ಮನೆಯಲ್ಲಿ ಅತ್ತೆ ಡಬ್ಬಿ ತೆಗೆದು ನೋಡಿದರು. ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. ಎಲ್ಲ ವಿಷಯ ಕೇಳಿದ ಮೇಲೆ ಸ್ವಲ್ಪ ಸಂಕೋಚದಿಂದ, "ನಾನು ಹಾಕ್ಕಂಡ್ರೆ ಆಗಲ್ವೇನಪ್ಪ?" ಅಂದರು.

"ಅವ್ವಾ, ಅದು ಭಾಳ... ಅಂದ್ರೆ, ನೀನು ಮನೆಯಾಗೇ ಇರ್ತೀಯಲ್ಲ..."

"ಮನೆಯಾಗಿದ್ದೋರ ಕೈ ಆಡಲ್ವಾ? ನಿನ್ನ ಕೈಗಿಂತ ನನ್ನ ಕೈಯೇ ಜಾಸ್ತಿ ಆಡುತ್ತೆ. ಒಲೆ ಮುಂದೆ ಹೋಗುವಾಗ ಬಿಚ್ಚಿಡ್ತೀನಿ, ಸ್ನಾನಕ್ಕೆ ಬಿಚ್ಚಿಡ್ತೀನಿ. ಅವಳಿಗೆ ಕೊಡೋ ತನಕ ಓಡಿಸ್ತೀನಿ. ಅಷ್ಟೇ ಅಲ್ವಾ ಕೆಲಸ?"

ನಾನು ಎದ್ದು ಹೋಗಿ ಅವರ ಕೈಗೆ ಕಟ್ಟಿದೆ. ಸರಪಳಿ ಮೊಣಕೈವರೆಗೆ ಜಾರಿತು. ಮಗಳು ಕೈತಟ್ಟಿ ನಕ್ಕಳು. ಮುಂದಿನ ವಾರ ಇವರು ದಾವಣಗೆರೆಗೆ ಹೋಗಿ ಸರಪಳಿಯ ಹೆಚ್ಚಿನ ಕೊಂಡಿಗಳನ್ನು ತೆಗೆಸಿಕೊಂಡು ಬಂದರು. ತೆಗೆದವನ್ನು ನಾನು ಮಗಳ ಹೆಸರಿನಲ್ಲಿ ಅಲ್ಮೇರಾದಲ್ಲಿ ಎತ್ತಿಟ್ಟೆ.

ಅತ್ತೆ ಅದನ್ನು ಹಾಕಿಕೊಂಡು ಮೊದಲ ಸಲ ಹೊಳೆದಂಡೆಯ ಮಠಕ್ಕೆ ಹೋದ ದಿನ ಪಕ್ಕದ ಮನೆಯಾಕೆ ನೋಡಿದರಂತೆ. "ಏನ್ರೀ ಅಮ್ಮಾರೇ, ಈ ವಯಸ್ಸಿನಾಗೆ ವಾಚು?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರಂತೆ. ಅತ್ತೆಯ ಉತ್ತರ ನನಗೆ ಆಮೇಲೆ ಅದೇ ಪಕ್ಕದ ಮನೆಯಾಕೆಯೇ ಹೇಳಿದ್ದು: "ನಂದಲ್ಲ ಕಣ್ರೀ, ಮೊಮ್ಮಗಳದ್ದು. ಅವಳು ಬೆಳೆಯೋ ತನಕ ನಿಲ್ಲದಂಗೆ ನೋಡ್ಕಳ್ರಿ ಅಂತ ನನಗೆ ಕೊಟ್ಟಾರೆ."

ಕ್ರಮೇಣ ಮನೆಯ ವೇಳೆಯೆಲ್ಲ ಅತ್ತೆಯ ಕೈಗೆ ಬಂತು. ಹಾಲಿನವನು ತಡ ಮಾಡಿದರೆ ಅವರು ಬಾಗಿಲಲ್ಲಿ ನಿಂತು ಮಣಿಕಟ್ಟು ತಿರುಗಿಸಿ ನೋಡುತ್ತಿದ್ದರು. ನಾನು ಕೆಲಸದಿಂದ ಬರುವುದು ತಡವಾದರೆ ಫೋನು ಮಾಡಿ, "ಏಳಕ್ಕೆ ಹತ್ತು ನಿಮಿಷ ಐತೆ, ಎಲ್ಲಿದೀಯವ್ವ?" ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಯಾರೂ 'ಏಳಕ್ಕೆ ಹತ್ತು ನಿಮಿಷ' ಎಂದು ಹೇಳಿದ್ದು ನನಗೆ ನೆನಪಿಲ್ಲ; ಏಳು ಗಂಟೆ ಆಯಿತು ಅನ್ನುತ್ತಿದ್ದೆವು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡ ಮುಳ್ಳು, ಸಣ್ಣ ಮುಳ್ಳು ಕಲಿಸಿದವರೂ ಅವರೇ.

ಬೇಸಿಗೆ ರಜೆಯಲ್ಲಿ ಅತ್ತೆಯನ್ನೂ ಕರೆದುಕೊಂಡು ಜಗಳೂರಿಗೆ ಹೋದೆವು. ಅಮ್ಮ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು ಬೀಗಿತ್ತಿಯ ಕೈ ಹಿಡಿದು ಒಳಗೆ ಕರೆದಳು. ಹಿಡಿದ ಕೈಯಲ್ಲಿ ವಾಚು. ಬಂಗಾರ ಬೇಕಿತ್ತು ಎಂಬ ಅವಳ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಇದೇನಾ ಅದು?" ಎಂದಳು ಅಮ್ಮ.

"ಇದೇ ನೋಡ್ರಿ," ಅಂದರು ಅತ್ತೆ. ಬಿಚ್ಚಿ ಅಮ್ಮನ ಅಂಗೈಗೆ ಇಟ್ಟರು. "ಹಿಂದೆ ತಿರುಗಿಸಿ ನೋಡ್ರಿ."

ಅಮ್ಮ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಕುರಿಮರಿಗಳು ಅವಳ ಸೆರಗು ಜಗ್ಗುತ್ತಿದ್ದವು, ಅವಳಿಗೆ ಅದರ ಪರಿವೆಯಿರಲಿಲ್ಲ. "ಅಯ್ಯ, ಎಷ್ಟು ಸಣ್ಣ ಸಣ್ಣದು ಸುತ್ತುತ್ತೈತೆ," ಎಂದಳು. ಆಮೇಲೆ ಅತ್ತೆ ಅದನ್ನು ಅವಳ ಹಸಿರು ಬಳೆಗಳ ಹಿಂದೆ ಕಟ್ಟಿ, "ಇಲ್ಲಿರೋ ತನಕ ನೀವೇ ಓಡಿಸ್ರಿ. ನೀವೂ ಅಜ್ಜಿ ಅಲ್ವಾ?" ಅಂದರು.

ಅಮ್ಮ ಬೇಡ ಬೇಡ ಅನ್ನುತ್ತಲೇ ಹಾಕಿಕೊಂಡಳು. ನಾವು ಇರುವವರೆಗೂ ಬಿಚ್ಚಲಿಲ್ಲ. ಹೊರಡುವ ದಿನ ಕಾರು ಹತ್ತುವ ಮುಂಚೆ ವಾಚನ್ನು ಸೀರೆಯ ಸೆರಗಿನಿಂದ ಒರೆಸಿ ಅತ್ತೆಯ ಕೈಗೆ ಕಟ್ಟಿ, ನನ್ನ ಕಿವಿಯಲ್ಲಿ, "ಇರಲಿ ಬಿಡು, ಚೆನ್ನಾಗೈತೆ," ಎಂದಳು. ಬಳೆಯ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಕಳೆದ ವರ್ಷ ದೀಪಾವಳಿಯ ಮುಂಚೆ ಒಂದು ಬೇಸರದ ಸಂಗತಿ ನಡೆಯಿತು. ಅತ್ತೆ ಮಹಡಿಯ ಮೆಟ್ಟಿಲಿನಲ್ಲಿ ಕಾಲು ಜಾರಿ ಗೋಡೆಗೆ ಕೈಕೊಟ್ಟರು. ಅವರಿಗೆ ಪೆಟ್ಟಾಗಲಿಲ್ಲ. ಆದರೆ ವಾಚಿನ ಅಂಚು ಸಿಮೆಂಟಿಗೆ ಉಜ್ಜಿ ಒಂದು ಗೀರು ಬಿತ್ತು. ಆಳವಾದ ಗೀರು, ಬೆರಳಾಡಿಸಿದರೆ ಸಿಗುವಂಥದ್ದು.

ಅವರು ಯಾರಿಗೂ ಹೇಳಲಿಲ್ಲ. ವಾಚು ಒರೆಸಿ, ಡಬ್ಬಿಗೆ ಹಾಕಿ, ದೇವರ ಮನೆಯ ಗೂಡಿನಲ್ಲಿ ಇಟ್ಟುಬಿಟ್ಟರು. ಕೇಳಿದರೆ ಕೈ ನೋಯುತ್ತೆ ಎಂದರು. ನಾನು ಮಣಿಕಟ್ಟು ಒತ್ತಿ ನೋಡಿದೆ, ಬಾವು ಇರಲಿಲ್ಲ. ಎರಡು ದಿನ ಕಳೆದ ಮೇಲೆ ಡಬ್ಬಿ ತೆಗೆದವಳು ಮಗಳು. "ಅಪ್ಪಾಜಿ, ನಿಂತುಹೋಗೈತೆ!" ಎಂದು ಕೂಗಿಕೊಂಡು ಹಜಾರಕ್ಕೆ ಬಂದಳು.

ಇವರು ವಾಚು ಕೈಗೆ ತಗೊಂಡವರು ಗೀರು ನೋಡಿದರು. ಮುಖ ಸಣ್ಣದಾಯಿತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. "ನನ್ನ ಕೈಯಾಗೆ ಆಗಿದ್ದಪ್ಪ," ಅಂದರು. "ಹೊಸದಾಗಿ ಕೊಡಬೇಕಿತ್ತು ಅವಳಿಗೆ. ನಾನೇ ಕೇಳಿ ಹಾಕ್ಕಂಡು ಹಾಳು ಮಾಡಿಬಿಟ್ಟೆ. ಇನ್ನು ಬ್ಯಾಡ, ನೀನೇ ಇಟ್ಕ."

"ಹೆಂಗಾಯ್ತು?"

"ಮೆಟ್ಟಿಲಾಗೆ ಜಾರಿದೆ."

"ಬಿದ್ಯಾ?"

"ಬೀಳಲಿಲ್ಲ. ಗೋಡೆ ಹಿಡ್ಕಂಡೆ."

ಇವರು ಸ್ವಲ್ಪ ಹೊತ್ತು ಆ ಗೀರಿನ ಮೇಲೇ ಹೆಬ್ಬೆರಳು ಆಡಿಸುತ್ತಾ ನಿಂತರು. ಆಮೇಲೆ ಚಾವಿ ತಿರುಗಿಸಿದರು, ತಮ್ಮ ಮೊಬೈಲ್ ನೋಡಿ ಹೊತ್ತು ಸರಿಮಾಡಿದರು, ನಡೆದುಹೋಗಿ ತಾಯಿಯ ಎಡಗೈ ಹಿಡಿದು ಎತ್ತಿಕೊಂಡರು. ಅತ್ತೆ ಕೈ ಎಳೆದುಕೊಳ್ಳಲು ನೋಡಿದರು. ಇವರು ಬಿಡಲಿಲ್ಲ. ಕೊಂಡಿ ಸಿಕ್ಕಿಸಲು ಅವರ ದಪ್ಪ ಬೆರಳಿಗೆ ಸುಲಭವಾಗಲಿಲ್ಲ, ತಡಕಾಡಿದರು.

"ಅವ್ವಾ, ಅವಳು ದೊಡ್ಡೋಳಾದಾಗ ಇದೇನಿದು ಗೀರು ಅಂತ ಕೇಳ್ತಾಳಲ್ಲ," ಅಂದರು. "ನಮ್ಮವ್ವ ಬೀಳದಂಗೆ ಗೋಡೆ ಹಿಡ್ಕಂಡಿದ್ದು ಅಂತ ಹೇಳ್ತೀನಿ. ಅದಕ್ಕೇನೀಗ?"

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಲೆ ಮೇಲೆ ಸಾರು ಉಕ್ಕುತ್ತೆ ಎಂದು ಒಳಗೆ ಹೋದರು. ವಾಚು ಬಿಚ್ಚಿಡುವುದನ್ನು ಆವತ್ತು ಮರೆತರು. ಇವರು ಮಾರನೆಯ ದಿನ ಬಡಗಿಯನ್ನು ಕರೆಸಿ ಮೆಟ್ಟಿಲಿಗೆ ಹಿಡಿಕೆ ಹಾಕಿಸಿದರು.

ಈಗ ಮಗಳಿಗೆ ಒಂಬತ್ತು. ಇಪ್ಪತ್ತೊಂದಕ್ಕೆ ಕೊಡಬೇಕೋ, ಓದು ಮುಗಿದ ಮೇಲೆ ಕೊಡಬೇಕೋ ಎಂಬ ಚರ್ಚೆ ನಮ್ಮಲ್ಲಿ ನಿಂತುಹೋಗಿದೆ. ಇವರು ವಾಚಿನ ವಿಡಿಯೋ ನೋಡುವುದನ್ನೂ ಕಮ್ಮಿ ಮಾಡಿದ್ದಾರೆ. ಮೊನ್ನೆ ತಿಂಗಳ ಮೊದಲ ದಿನ ಬೆಳಿಗ್ಗೆ ನಾನು ಸ್ಕೂಟಿ ಹೊರಗೆ ತೆಗೆಯುತ್ತಿದ್ದೆ. ಜಗುಲಿಯಲ್ಲಿ ಅಜ್ಜಿ, ಮೊಮ್ಮಗಳು ಕೂತಿದ್ದರು. ತಿಂಗಳು ಮೂವತ್ತಕ್ಕೇ ಮುಗಿದರೆ ಆ ವಾಚಿಗೆ ಅದು ತಿಳಿಯುವುದಿಲ್ಲ, ಪುಟ್ಟ ಕಿಟಕಿಯಲ್ಲಿ ಮೂವತ್ತೊಂದು ಎಂದು ತೋರಿಸುತ್ತದೆ. ಮಗಳು ಮುಷ್ಟಿ ಹಿಡಿದು ಬೆರಳ ಗೆಣ್ಣುಗಳ ಮೇಲೆ ತಿಂಗಳು ಎಣಿಸಿ, "ಅಜ್ಜಿ, ಇವತ್ತು ಒಂದನೇ ತಾರೀಕು. ಇದಕ್ಕೆ ಇಷ್ಟೂ ಗೊತ್ತಾಗಲ್ವಾ?" ಎಂದು ಕೇಳುತ್ತಿದ್ದಳು.

"ಗೊತ್ತಾಗಲ್ಲ ಕಣೆ. ನಾವೇ ಹೇಳಬೇಕು. ಚಾವಿ ಮೆತ್ತಗೆ ಎಳಿ, ಮೆತ್ತಗೆ ತಿರುಗಿಸು," ಅನ್ನುತ್ತಿದ್ದರು ಅತ್ತೆ, ಕೈ ಅಲುಗದ ಹಾಗೆ ಅವಳ ಮಡಿಲಲ್ಲಿ ಇಟ್ಟುಕೊಂಡು.

ನಾನು ಗಾಡಿ ಸ್ಟಾರ್ಟ್ ಮಾಡದೆ, ತಾರೀಕು ತಿರುಗುವವರೆಗೆ ಗೇಟಿನ ಹತ್ತಿರ ನಿಂತು ನೋಡಿದೆ. ಆಮೇಲೆ ನ್ಯಾಮತಿಗೆ ಹೊರಟೆ.